ಗ್ರೀನ್‌ಲೀ ಫೀಲ್ಡ್‌ಗೂ ಒಂದು ಹೋಮ್ ಪ್ಲೇಟ್ ಬೇಕು: ಬೇಸ್‌ಬಾಲ್ ಕಮಿಷನರ್‌ಗೆ ಬಹಿರಂಗ ಪತ್ರ

ಶ್ರೀ ರಾಬ್ ಮ್ಯಾನ್‌ಫ್ರೆಡ್ ಅವರಿಗೆ,
ಕಮಿಷನರ್, ಮೇಜರ್ ಲೀಗ್ ಬೇಸ್‌ಬಾಲ್, ನ್ಯೂಯಾರ್ಕ್

ವಿಷಯ: 1935ರ ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್ ತಂಡದ ಮೈದಾನ ಮತ್ತು ಲೆಕ್ಕದ ಬಗ್ಗೆ

ಮಾನ್ಯರೇ,

ನಾನು ಧಾರವಾಡದವನು. ಪಿಟ್ಸ್‌ಬರ್ಗ್‌ಗೆ ಬಂದು 11 ವರ್ಷವಾಯಿತು. ಕ್ರಿಕೆಟ್ ಆಡಿಕೊಂಡು ಬೆಳೆದವನು. ನನಗೆ ಬೇಸ್‌ಬಾಲ್ ಕಲಿಸಿದ್ದು ನನ್ನ ಮಗ. ಇಲ್ಲಿಯ ಮಕ್ಕಳ ಲೀಗಿನಲ್ಲಿ ಅವನು ಕ್ಯಾಚರ್. ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ, ಬ್ಯಾಟ್ ಹಿಡಿದವನ ಹಿಂದೆ ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿಯುವವನು. ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಕನ್ನಡದಲ್ಲೂ ಬರೆಯುತ್ತಿರುವುದಕ್ಕೆ ಕಾರಣ ಇದೆ. ಈ ಊರಿನಲ್ಲಿ ನಮ್ಮವರು ಸಾಕಷ್ಟು ಜನ ಇದ್ದೇವೆ. ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗುತ್ತೇವೆ, ಊರಿನ ಮೇಜರ್ ಲೀಗ್ ತಂಡ ಪೈರೇಟ್ಸ್ ಪಂದ್ಯ ನೋಡುತ್ತೇವೆ, ಆದರೆ ಕಪ್ಪು ಜನರ ಹಳೆಯ ಬಡಾವಣೆ ಹಿಲ್ ಡಿಸ್ಟ್ರಿಕ್ಟ್ ಕಡೆ ಕಾರು ತಿರುಗಿಸುವುದಿಲ್ಲ. ನಾನೂ ತಿರುಗಿಸಿರಲಿಲ್ಲ. ಅವರೂ ಇದನ್ನು ಓದಲಿ ಎಂಬ ಆಸೆ.

ಮೊದಲು ನಿಮಗೆ ಧನ್ಯವಾದ ಹೇಳಬೇಕು. ಯಾವ ಲೀಗುಗಳು 'ಮೇಜರ್', ಅಂದರೆ ಅತಿ ಮೇಲಿನ ದರ್ಜೆಯವು, ಎಂದು ತೀರ್ಮಾನ ಮಾಡಲು 1969ರಲ್ಲಿ ಒಂದು ಸಮಿತಿ ಕೂತಿತ್ತು. ಅದು ಆರು ಲೀಗುಗಳ ಹೆಸರು ಹೇಳಿತು. ಬಿಳಿಯರ ಲೀಗುಗಳಲ್ಲಿ ಜಾಗ ಸಿಗದ ಕಪ್ಪು ಆಟಗಾರರು ಆಡುತ್ತಿದ್ದ ನೀಗ್ರೋ ಲೀಗುಗಳ ಮಾತನ್ನೇ ಎತ್ತಲಿಲ್ಲ. 51 ವರ್ಷಗಳ ಆ ತಪ್ಪನ್ನು ಒಪ್ಪಿಕೊಂಡು ತಿದ್ದಿದ್ದು ನೀವು. 2020ರ ಡಿಸೆಂಬರ್‌ನಲ್ಲಿ 1920ರಿಂದ 1948ರವರೆಗಿನ ಏಳು ನೀಗ್ರೋ ಲೀಗುಗಳನ್ನು ಮೇಜರ್ ಲೀಗ್ ಎಂದು ಘೋಷಿಸಿದಿರಿ. ಸುಮಾರು 3,400 ಆಟಗಾರರಿಗೆ ಅವರ ಹೆಸರು ವಾಪಸ್ ಸಿಕ್ಕಿತು. 2024ರ ಮೇ ತಿಂಗಳಲ್ಲಿ ಅವರ ಅಂಕಿಗಳನ್ನೂ ಸೇರಿಸಿದಿರಿ. ಜೀವಮಾನದ ಬ್ಯಾಟಿಂಗ್ ಸರಾಸರಿಯಲ್ಲಿ (ಸಾವಿರ ಸಲ ಬ್ಯಾಟ್ ಹಿಡಿದರೆ ಎಷ್ಟು ಹಿಟ್ ಎಂಬ ಲೆಕ್ಕ) ಅದುವರೆಗೆ ಮೊದಲಿದ್ದ ಟೈ ಕಾಬ್ ಅವರ .367 ಹಿಂದೆ ಬಿತ್ತು, ಕ್ರಾಫರ್ಡ್ಸ್ ತಂಡದಲ್ಲಿ ಆಡಿದ್ದ ಜಾಶ್ ಗಿಬ್ಸನ್ ಅವರ .372 ಮೇಲೆ ಬಂತು. ಅಂದು ಸಂಜೆ ನನ್ನ ಮಗ ಊಟಕ್ಕೆ ಕೂತವನು, 'ಅಪ್ಪಾ, ಎಲ್ಲರಿಗಿಂತ ಮೇಲೆ ಇರೋದು ಒಬ್ಬ ಕ್ಯಾಚರ್! ಅದೂ ನಮ್ಮ ಊರಿನವನು!' ಎಂದು ಕುಣಿದಿದ್ದ.

ಆಮೇಲೆ ಅವನು ಇನ್ನೊಂದು ಪ್ರಶ್ನೆ ಕೇಳಿದ. ಅದರಿಂದಲೇ ಈ ಪತ್ರ ಹುಟ್ಟಿತು. 'ಅವರು ಆಡಿದ ಗ್ರೌಂಡ್ ಎಲ್ಲಿದೆ?'

ಒಂದು ಭಾನುವಾರ ಇಬ್ಬರೂ ಹುಡುಕಿಕೊಂಡು ಹೊರಟೆವು. ಮೊದಲು ಓಕ್ಲೆಂಡ್‌ಗೆ ಹೋದೆವು, ಯಾಕೆಂದರೆ ಅಲ್ಲಿ ಪೈರೇಟ್ಸ್ ತಂಡದ ಹಳೆಯ ಫೋರ್ಬ್ಸ್ ಫೀಲ್ಡ್ ಇತ್ತು ಎಂದು ಎಲ್ಲರಿಗೂ ಗೊತ್ತು. ಆ ಮೈದಾನವನ್ನು ಕೆಡವಿ 50 ವರ್ಷ ದಾಟಿದೆ. ಆದರೂ ಅದು ಇದೆ. ಔಟ್‌ಫೀಲ್ಡಿನ ಇಟ್ಟಿಗೆ ಗೋಡೆಯ ಒಂದು ಭಾಗ ರಸ್ತೆ ಬದಿ ಹಾಗೇ ನಿಂತಿದೆ. ವಿಶ್ವವಿದ್ಯಾಲಯದ ಪೋಸ್ವರ್ ಹಾಲ್ ಒಳಗೆ ಹೋದರೆ ನೆಲದಲ್ಲಿ ಗಾಜಿನ ಕೆಳಗೆ ಹೋಮ್ ಪ್ಲೇಟ್ ಕಾಣುತ್ತದೆ, ಬ್ಯಾಟ್ ಹಿಡಿದವನು ಪಕ್ಕದಲ್ಲಿ ನಿಂತು ಆಡುವ ಬಿಳಿ ಹಲಗೆ. ವಿದ್ಯಾರ್ಥಿಗಳು ಅದರ ಪಕ್ಕದಲ್ಲೇ ಕ್ಲಾಸಿಗೆ ಓಡಾಡುತ್ತಾರೆ. ಪ್ರತಿ ವರ್ಷ ಅಕ್ಟೋಬರ್ 13ಕ್ಕೆ ಆ ಗೋಡೆಯ ಹತ್ತಿರ ಜನ ಕುರ್ಚಿ ಹಾಕಿಕೊಂಡು ಕೂತು 1960ರ ವಿಶ್ವ ಸರಣಿಯ ಏಳನೇ ಪಂದ್ಯದ ರೇಡಿಯೊ ಕಾಮೆಂಟರಿ ಕೇಳುತ್ತಾರೆ. ಆಟವನ್ನು ಪ್ರೀತಿಸುವ ಊರು ಇದು. ಮಗ ಗಾಜಿನ ಹಿಂದೆ ಕ್ಯಾಚರ್ ಹಾಗೆ ಕೂತ, ನಾನು ಫೋಟೊ ತೆಗೆದೆ.

ಅಲ್ಲಿಂದ ಬೆಡ್‌ಫರ್ಡ್ ಅವೆನ್ಯೂಗೆ ಹೋದೆವು. ಎರಡು ಮೈಲಿ ಕೂಡ ದೂರ ಇಲ್ಲ. ಗುಡ್ಡದ ಮೇಲಿನ ರಸ್ತೆ. ಇಲ್ಲಿ ಗ್ರೀನ್‌ಲೀ ಫೀಲ್ಡ್ ಇತ್ತು ಎಂದು ಹೇಳುವ ಒಂದು ಫಲಕ ಇದೆ, ರಾಜ್ಯ ಸರ್ಕಾರ 2009ರಲ್ಲಿ ನೆಟ್ಟದ್ದು. ಅಷ್ಟೇ. ಗೋಡೆ ಇಲ್ಲ, ಗೆರೆ ಇಲ್ಲ, ಕೂತು ನೋಡಲು ಒಂದು ಕಲ್ಲುಬೆಂಚೂ ಕಾಣಲಿಲ್ಲ. ಮಗ ಆಚೆ ಈಚೆ ನಡೆದಾಡಿ, 'ಗಿಬ್ಸನ್ ಎಲ್ಲಿ ಕೂರ್ತಿದ್ರು?' ಎಂದು ಕೇಳಿದ. ನನಗೆ ತೋರಿಸಲು ಆಗಲಿಲ್ಲ.

ಮಾನ್ಯರೇ, ಅಲ್ಲಿ ಏನು ನಡೆದಿತ್ತು ಎಂದು ನಿಮಗೆ ಗೊತ್ತು. ಆದರೆ ಈ ಪತ್ರ ಓದುವ ನಮ್ಮವರಿಗೆ ಗೊತ್ತಿಲ್ಲದಿರಬಹುದು. ಅದಕ್ಕೆ ಸ್ವಲ್ಪ ಹೇಳುತ್ತೇನೆ.

ಗಸ್ ಗ್ರೀನ್‌ಲೀ ಹಿಲ್ ಡಿಸ್ಟ್ರಿಕ್ಟಿನ ದೊಡ್ಡ ಕುಳ. ಅವರಿಗೆ ದುಡ್ಡು ಬಂದದ್ದು ನಂಬರ್ ಆಟದಿಂದ, ನಮ್ಮ ಕಡೆಯ ಓಸಿ ಮಟ್ಕಾ ಇದ್ದ ಹಾಗೆ. ಅದನ್ನು ನಾನು ಮುಚ್ಚಿಡುವುದಿಲ್ಲ. ವೈಲಿ ಅವೆನ್ಯೂದಲ್ಲಿ ಅವರ ಕ್ರಾಫರ್ಡ್ ಗ್ರಿಲ್ ಇತ್ತು, ಊರಿನ ಜಾಝ್ ಸಂಗೀತಗಾರರೆಲ್ಲ ಸೇರುತ್ತಿದ್ದ ಜಾಗ. ಕಪ್ಪು ಆಟಗಾರರ ತಂಡಗಳಿಗೆ ಫೋರ್ಬ್ಸ್ ಫೀಲ್ಡ್ ಬಾಡಿಗೆಗೆ ಸಿಗುತ್ತಿತ್ತು, ಬಟ್ಟೆ ಬದಲಿಸುವ ಕೋಣೆ ಸಿಗುತ್ತಿರಲಿಲ್ಲ. ಗ್ರೀನ್‌ಲೀ ತಮ್ಮ ಕ್ರಾಫರ್ಡ್ಸ್ ತಂಡಕ್ಕೆ ಸ್ವಂತ ಮೈದಾನವನ್ನೇ ಕಟ್ಟಿಸಿದರು. ಸುಮಾರು 1 ಲಕ್ಷ ಡಾಲರ್ ಖರ್ಚು, ಅದೂ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ. 1932ರ ಏಪ್ರಿಲ್‌ನಲ್ಲಿ ಬಾಗಿಲು ತೆರೆಯಿತು. ತಮ್ಮ ಮೈದಾನ, ತಮ್ಮ ಕೋಣೆ, ತಮ್ಮ ಬಸ್ಸು. 1935ರ ತಂಡ ಆ ಬಸ್ಸಿನ ಮುಂದೆ ಸಾಲಾಗಿ ನಿಂತ ಫೋಟೊ ನೀವು ನೋಡಿಯೇ ಇರುತ್ತೀರಿ. ನಮ್ಮ ಮನೆಯ ಫ್ರಿಜ್ ಮೇಲೆ ಅದರ ಪ್ರತಿ ಅಂಟಿಸಿದ್ದೇವೆ.

ಆ ಸಾಲಿನಲ್ಲಿ ಯಾರು ಯಾರು ಇದ್ದರು! ನಾಯಕತ್ವ ವಹಿಸಿ ತಾವೂ ಆಡುತ್ತಿದ್ದ ಆಸ್ಕರ್ ಚಾರ್ಲ್‌ಸ್ಟನ್, ಆಗಲೇ 38 ವರ್ಷ. ಕಣ್ಣು ಮಿಟುಕಿಸುವಷ್ಟರಲ್ಲಿ ಬೇಸ್ ಮುಟ್ಟುತ್ತಿದ್ದ ಕೂಲ್ ಪಾಪಾ ಬೆಲ್. ಮೂರನೇ ಬೇಸ್‌ನಲ್ಲಿ ಜೂಡಿ ಜಾನ್ಸನ್. ಪ್ಲೇಟ್ ಹಿಂದೆ 23 ವರ್ಷದ ಜಾಶ್ ಗಿಬ್ಸನ್. ನಾಲ್ವರೂ ಮುಂದೆ ಬೇಸ್‌ಬಾಲಿನ ಮಹಾನ್ ಆಟಗಾರರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಸೇರಿದರು. ಐದನೆಯವರು ಸ್ಯಾಚೆಲ್ ಪೇಜ್, ಆ ಕಾಲದ ಅತಿ ದೊಡ್ಡ ಪಿಚರ್, ಅಂದರೆ ನಮ್ಮ ಬೌಲರ್ ಇದ್ದ ಹಾಗೆ. ಆದರೆ ಅವರಿಗೂ ಗ್ರೀನ್‌ಲೀ ಅವರಿಗೂ ದುಡ್ಡಿನ ವಿಷಯದಲ್ಲಿ ಜಗಳವಾಗಿ, ಅವರು ದೂರದ ನಾರ್ತ್ ಡಕೋಟದ ಬಿಸ್ಮಾರ್ಕ್ ಊರಿಗೆ ಹೋಗಿಬಿಟ್ಟಿದ್ದರು. ಅಲ್ಲಿಯ ತಂಡದಲ್ಲಿ ಬಿಳಿಯರು, ಕಪ್ಪು ಜನ ಒಟ್ಟಿಗೆ ಆಡುತ್ತಿದ್ದರು. ಅಂಥ ಪಿಚರ್ ಕೈಬಿಟ್ಟು ಹೋದರೂ ತಂಡ ಕುಗ್ಗಲಿಲ್ಲ. ಎಡಗೈ ಪಿಚರ್ ಲೆರಾಯ್ ಮ್ಯಾಟ್ಲಾಕ್ ಆ ಭಾರ ಹೊತ್ತರು.

ಲೀಗಿನ ಮೊದಲ ಅರ್ಧ ಕ್ರಾಫರ್ಡ್ಸ್ ಪಾಲಾಯಿತು. ಎರಡನೇ ಅರ್ಧ ನ್ಯೂಯಾರ್ಕ್ ಕ್ಯೂಬನ್ಸ್ ಪಾಲಾಯಿತು. ನಡುವೆ ಆಗಸ್ಟ್‌ನಲ್ಲಿ ಶಿಕಾಗೋದ ಕಾಮಿಸ್ಕಿ ಪಾರ್ಕಿನಲ್ಲಿ ನೀಗ್ರೋ ಲೀಗುಗಳ ಆಯ್ದ ಆಟಗಾರರ ಈಸ್ಟ್-ವೆಸ್ಟ್ ಪಂದ್ಯ. 1933ರಲ್ಲಿ ಅದು ಶುರುವಾಗಲು ಗ್ರೀನ್‌ಲೀ ಮುಂದೆ ನಿಂತಿದ್ದರು. ಈ ಸಲ ಅದು 11ನೇ ಇನಿಂಗ್ಸ್‌ವರೆಗೆ ಎಳೆಯಿತು. ಗಿಬ್ಸನ್ ಬ್ಯಾಟಿಂಗಿಗೆ ಬಂದಾಗ ಎದುರಾಳಿಗಳು ಅವರಿಗೆ ಹೊಡೆಯಲು ಅವಕಾಶವನ್ನೇ ಕೊಡದೆ ಮೊದಲನೇ ಬೇಸ್‌ಗೆ ಕಳಿಸಿಬಿಟ್ಟರು. ಅಷ್ಟು ಹೆದರಿಕೆ ಅವರ ಬ್ಯಾಟಿಗೆ. ಮುಂದೆ ಬಂದ ಮ್ಯೂಲ್ ಸಟಲ್ಸ್ ನಮ್ಮ ಸಿಕ್ಸರ್ ಇದ್ದ ಹಾಗಿನ ಹೋಮ್ ರನ್ ಹೊಡೆದು ಪಂದ್ಯ ಮುಗಿಸಿದರು, 11-8.

ಕೊನೆಗೆ ಚಾಂಪಿಯನ್ ಯಾರು ಎಂದು ತೀರ್ಮಾನಿಸಲು ಕ್ರಾಫರ್ಡ್ಸ್ ಮತ್ತು ಕ್ಯೂಬನ್ಸ್ ನಡುವೆ ಏಳು ಪಂದ್ಯಗಳ ಸರಣಿ. ಆರನೇ ಪಂದ್ಯದ ಹೊತ್ತಿಗೆ ಕ್ಯೂಬನ್ಸ್‌ಗೆ ಇನ್ನೊಂದೇ ಗೆಲುವು ಸಾಕಿತ್ತು. ಆ ಪಂದ್ಯವೂ ಅವರ ಕೈಯಲ್ಲೇ ಇತ್ತು. ಒಂಬತ್ತನೇ ಇನಿಂಗ್ಸ್‌ನಲ್ಲಿ ಕ್ಯೂಬನ್ಸ್ ನಾಯಕ ಮಾರ್ಟಿನ್ ಡಿಹಿಗೊ, ಅವರೂ ದಂತಕಥೆಯೇ, ತಾವೇ ಪಿಚ್ ಮಾಡಲು ಬಂದರು. ಎದುರಿಗೆ ಚಾರ್ಲ್‌ಸ್ಟನ್. ಒಂದು ಹೋಮ್ ರನ್, ಪಂದ್ಯ ತಿರುಗಿತು. ಏಳನೆಯದನ್ನು ಕ್ರಾಫರ್ಡ್ಸ್ ಒಂದೇ ರನ್ನಿನಿಂದ ಗೆದ್ದರು, 8-7. ನಾನು ಇದನ್ನು ಮಗನಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಹೊಸದಾಗಿ ಕೇಳುತ್ತಾನೆ.

ಅದೇ 1935ರಲ್ಲಿ, ಇದೇ ಊರಿನಲ್ಲಿ ಇನ್ನೊಂದು ಘಟನೆ ನಡೆಯಿತು. ಮೇ 25ರಂದು ಫೋರ್ಬ್ಸ್ ಫೀಲ್ಡಿನಲ್ಲಿ ಆ ಕಾಲದ ಹೆಸರಾಂತ ಬ್ಯಾಟರ್ ಬೇಬ್ ರೂತ್ ಮೂರು ಹೋಮ್ ರನ್ ಹೊಡೆದರು. ಮೂರನೆಯದು ಅವರ ಜೀವನದ ಕೊನೆಯದು, 714ನೆಯದು, ಬಲಗಡೆಯ ಚಾವಣಿ ದಾಟಿ ಹೋಯಿತು. ಈ ಊರಿನ ಬೇಸ್‌ಬಾಲ್ ಅಭಿಮಾನಿಗಳಿಗೆ ಅದು ಬಾಯಿಪಾಠ. ನನಗೆ ಅದರಲ್ಲಿ ತಕರಾರಿಲ್ಲ, ಅದೂ ದೊಡ್ಡ ದಿನವೇ. ಆದರೆ ಅದೇ ವರ್ಷ ಎರಡು ಮೈಲಿಯೊಳಗೆ ಆಡಿ ಚಾಂಪಿಯನ್ ಆದ ತಂಡದ ಬಗ್ಗೆ ನನ್ನ ಆಫೀಸಿನಲ್ಲಿ ಕೇಳಿದೆ. ಇಲ್ಲೇ ಹುಟ್ಟಿ ಬೆಳೆದ ಆರು ಜನರಲ್ಲಿ ಒಬ್ಬರಿಗೆ ಮಾತ್ರ ಹೆಸರು ಗೊತ್ತಿತ್ತು. ಅವರೂ ಅದನ್ನು ಅಜ್ಜನ ಬಾಯಲ್ಲಿ ಕೇಳಿದ್ದರಂತೆ.

ಯಾಕೆ ಹೀಗಾಯಿತು? ಮೈದಾನ ಉಳಿಯಲಿಲ್ಲ, ಅದೇ ದೊಡ್ಡ ಕಾರಣ. 1937ರಲ್ಲಿ ಡೊಮಿನಿಕನ್ ಗಣರಾಜ್ಯದ ಸರ್ವಾಧಿಕಾರಿ ಟ್ರುಹಿಯೊ ಅವರ ಕಡೆಯವರು ದುಡ್ಡಿನ ಆಸೆ ತೋರಿಸಿ, ಅಷ್ಟರಲ್ಲಿ ವಾಪಸ್ ಬಂದಿದ್ದ ಪೇಜ್, ಗಿಬ್ಸನ್, ಬೆಲ್ ಎಲ್ಲರನ್ನೂ ಕರೆದುಕೊಂಡು ಹೋದರು. ತಂಡ ಒಡೆಯಿತು. 1938ರಲ್ಲಿ ಗ್ರೀನ್‌ಲೀ ಫೀಲ್ಡ್ ಕೆಡವಿ ಆ ಜಾಗದಲ್ಲಿ ಬೆಡ್‌ಫರ್ಡ್ ಡ್ವೆಲ್ಲಿಂಗ್ಸ್ ಎಂಬ ಸರ್ಕಾರಿ ವಸತಿ ಕಟ್ಟಿದರು. ಬಡವರಿಗೆ ಮನೆ ಬೇಕಿತ್ತು, ಅದು ತಪ್ಪಲ್ಲ. ಆದರೆ ಒಂದು ಗುರುತು ಉಳಿಸಬಹುದಿತ್ತು, ಅಲ್ವಾ? ಮುಂದೆ 1950ರ ದಶಕದಲ್ಲಿ ಹಿಲ್ ಡಿಸ್ಟ್ರಿಕ್ಟಿನ ಕೆಳಭಾಗವನ್ನೇ ನೆಲಸಮ ಮಾಡಿ ಸುಮಾರು 8,000 ಜನರನ್ನು ಎಬ್ಬಿಸಿದರು, ಒಂದು ಕ್ರೀಡಾಂಗಣಕ್ಕಾಗಿ. ಆ ಗುಡ್ಡದ ಜನರ ನೆನಪಿನ ಜಾಗಗಳು ಹೀಗೆ ಒಂದೊಂದಾಗಿ ಹೋದವು. ಗಿಬ್ಸನ್ 1947ರ ಜನವರಿಯಲ್ಲಿ 35ನೇ ವಯಸ್ಸಿಗೆ ತೀರಿಕೊಂಡರು. ಬಣ್ಣದ ಬೇಲಿ ಮುರಿದ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಮೇಜರ್ ಲೀಗಿನ ಅಂಗಳಕ್ಕೆ ಇಳಿದದ್ದು ಅದಾದ ಮೂರು ತಿಂಗಳಿಗೆ. ಗಿಬ್ಸನ್ ಸಮಾಧಿಗೆ 1975ರವರೆಗೆ ಹೆಸರಿನ ಕಲ್ಲೂ ಇರಲಿಲ್ಲ.

ಇಷ್ಟು ದೂರದಿಂದ ಬಂದ ನನಗೆ ಇದು ಯಾಕೆ ಇಷ್ಟು ಕಾಡುತ್ತದೆ ಎಂದು ನೀವು ಕೇಳಬಹುದು. ನಮ್ಮ ಧಾರವಾಡದಲ್ಲಿ 1876ರಲ್ಲಿ ಹುಟ್ಟಿದ ಪಲ್ವಣಕರ್ ಬಾಳೂ ಎಂಬ ದಲಿತ ಸ್ಪಿನ್ ಬೌಲರ್ ಇದ್ದರು. ಪುಣೆಯಲ್ಲಿ ಅವರ ಜೊತೆ ಆಡುತ್ತಿದ್ದವರೇ ಅವರಿಗೆ ಪೆವಿಲಿಯನ್ ಹೊರಗೆ ಬೇರೆ ಲೋಟದಲ್ಲಿ ಚಹಾ ಕೊಡುತ್ತಿದ್ದರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ತೆಗೆದರು. ನಾನು ಹುಟ್ಟಿದ ಊರಿನವರು, ನಾನು ಪ್ರಾಣ ಬಿಡುತ್ತಿದ್ದ ಆಟದವರು. ಆದರೆ ಶಾಲೆಯಲ್ಲಾಗಲಿ ಮೈದಾನದಲ್ಲಾಗಲಿ ಅವರ ಹೆಸರನ್ನು ಯಾರೂ ನನಗೆ ಹೇಳಲಿಲ್ಲ. ಮೂವತ್ತು ದಾಟಿದ ಮೇಲೆ, ಈ ದೇಶದಲ್ಲಿ ಕೂತು ಓದಿ ತಿಳಿದುಕೊಂಡೆ. ಅವತ್ತು ಆದ ಸಂಕಟ ಇನ್ನೂ ಇದೆ. ಆ ಲೋಟದ ಕಥೆ ಗೊತ್ತಿದ್ದವನಿಗೆ ಫೋರ್ಬ್ಸ್ ಫೀಲ್ಡಿನ ಬಟ್ಟೆ ಬದಲಿಸುವ ಕೋಣೆಯ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈಗ ನನ್ನ ದೂರು. ನೀವು ಅಂಕಿಗಳನ್ನು ಪುಸ್ತಕಕ್ಕೆ ಸೇರಿಸಿದಿರಿ. ಆದರೆ ಅಂಕಿ ಹುಟ್ಟಿದ ನೆಲ ಹಾಗೇ ಬಿಟ್ಟಿದೆ. 2024ರ ಜೂನ್‌ನಲ್ಲಿ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನ ರಿಕ್‌ವುಡ್ ಫೀಲ್ಡಿನಲ್ಲಿ ನೀಗ್ರೋ ಲೀಗ್ ಗೌರವಕ್ಕೆಂದು ಪಂದ್ಯ ಆಡಿಸಿದಿರಿ. ನಾವು ಮನೆಮಂದಿಯೆಲ್ಲ ಕೂತು ನೋಡಿದೆವು, ಕಣ್ಣು ತುಂಬಿತು. ಆದರೆ ರಿಕ್‌ವುಡ್ ಅದೃಷ್ಟದಿಂದ ಉಳಿದ ಮೈದಾನ. ಉಳಿದ ಮೈದಾನಕ್ಕೆ ಹಬ್ಬ, ಕೆಡವಿದ ಮೈದಾನಕ್ಕೆ ಏನೂ ಇಲ್ಲ ಎಂದಾಗಬಾರದು. ಪೈರೇಟ್ಸ್ ತಂಡದ ಈಗಿನ ಮೈದಾನ ಪಿಎನ್‌ಸಿ ಪಾರ್ಕಿನ ಬಾಗಿಲಲ್ಲಿ 2006ರಲ್ಲಿ ನೀಗ್ರೋ ಲೀಗಿನ ಏಳು ಆಟಗಾರರ ಪ್ರತಿಮೆಗಳನ್ನು ನಿಲ್ಲಿಸಿದ್ದರು. 2015ರಲ್ಲಿ ಅವನ್ನು ತೆಗೆದುಬಿಟ್ಟರು. ಯಾರ ಮೇಲೂ ಕೋಪದಿಂದ ಇದನ್ನು ಹೇಳುತ್ತಿಲ್ಲ. ಎತ್ತಿಡಬಹುದಾದ ಗೌರವ ಒಂದು ದಿನ ಎತ್ತಿ ಹೋಗುತ್ತದೆ ಎಂದು ಹೇಳುತ್ತಿದ್ದೇನೆ. ಅದಕ್ಕೇ ನಾನು ನೆಲದಲ್ಲಿ ಹೂಳುವಂಥದ್ದನ್ನು ಕೇಳುತ್ತಿದ್ದೇನೆ.

ಬೆಡ್‌ಫರ್ಡ್ ಅವೆನ್ಯೂದಲ್ಲಿ ಒಂದು ಹೋಮ್ ಪ್ಲೇಟ್ ಹಾಕಿಸಿಕೊಡಿ. ಐದು ಮೂಲೆಯ ಬಿಳಿ ಕಲ್ಲು, 17 ಇಂಚು ಅಗಲ, ಅಷ್ಟೇ. ಹಳೆಯ ನಕ್ಷೆ ಮತ್ತು ಫೋಟೊ ಇಟ್ಟುಕೊಂಡು ಅಳೆದು ಗಿಬ್ಸನ್ ಕೂರುತ್ತಿದ್ದ ಜಾಗಕ್ಕೆ ಆದಷ್ಟು ಹತ್ತಿರ ಹಾಕಿಸಿ. ಪಕ್ಕದಲ್ಲಿ 1935ರ ತಂಡದ ಎಲ್ಲರ ಹೆಸರು ಕೊರೆಸಿ. ಹಾಲ್ ಆಫ್ ಫೇಮ್ ಸೇರಿದವರದ್ದು ಮಾತ್ರ ಅಲ್ಲ. ಸ್ಯಾಮ್ ಬ್ಯಾಂಕ್‌ಹೆಡ್, ಜಿಮ್ಮಿ ಕ್ರಚ್‌ಫೀಲ್ಡ್, ಚೆಸ್ಟರ್ ವಿಲಿಯಮ್ಸ್, ಮ್ಯಾಟ್ಲಾಕ್, ಎಲ್ಲರದ್ದೂ. ಇದಕ್ಕೆ ಇದೇ ಸರಿಯಾದ ಸಮಯ. ಬೆಡ್‌ಫರ್ಡ್ ಡ್ವೆಲ್ಲಿಂಗ್ಸ್ ಹಳೆಯದಾಗಿದೆ. ಅದನ್ನು ಹೊಸದಾಗಿ ಕಟ್ಟಲು ಕೇಂದ್ರ ಸರ್ಕಾರದ ವಸತಿ ಇಲಾಖೆ 2023ರಲ್ಲಿ 5 ಕೋಟಿ ಡಾಲರ್ ಮಂಜೂರು ಮಾಡಿದೆ. ಇನ್ನೂ ಕಟ್ಟದ ಕಟ್ಟಡಗಳ ನಕ್ಷೆ ಕಾಗದದ ಮೇಲೆ ಇರುವಾಗಲೇ ನಿಮ್ಮ ಕಚೇರಿ ನಗರಪಾಲಿಕೆಯ ಜೊತೆ, ವಸತಿ ಪ್ರಾಧಿಕಾರದ ಜೊತೆ ಕೂತು ಮಾತಾಡಲಿ. ಮುಖ್ಯವಾಗಿ ಅಲ್ಲಿ ವಾಸ ಮಾಡುವ ಜನರನ್ನು ಮೊದಲು ಕೇಳಿ. ಆ ಗುಡ್ಡದ ಬಗ್ಗೆ ಹೊರಗಿನವರು ಮಾಡಿದ ತೀರ್ಮಾನಗಳು ಜಾಸ್ತಿಯಾಗಿವೆ. ನಾನೂ ಹೊರಗಿನವನೇ. ಅವರು ಬೇರೆ ಜಾಗ, ಬೇರೆ ಆಕಾರ ಹೇಳಿದರೆ ಅದೇ ಆಗಲಿ. ಹಾಗೇ ಆ ಮಕ್ಕಳಿಗೆ ಆಡಲು ಒಂದು ಸಣ್ಣ ಅಂಗಳವೂ ಆ ನಕ್ಷೆಯಲ್ಲಿ ಸೇರಿದರೆ ಇನ್ನೂ ಸಂತೋಷ.

ಇನ್ನೊಂದು ಕೋರಿಕೆ ಲೆಕ್ಕದ ಬಗ್ಗೆ. 2024ರಲ್ಲಿ ಅಂಕಿ ಸೇರಿಸಿದಾಗ, 1920ರಿಂದ 1948ರವರೆಗಿನ ದಾಖಲೆಗಳಲ್ಲಿ ಸುಮಾರು 75 ಶೇಕಡಾ ಮಾತ್ರ ಸಿಕ್ಕಿವೆ ಎಂದು ನಿಮ್ಮವರೇ ಪ್ರಾಮಾಣಿಕವಾಗಿ ಹೇಳಿದರು. ಉಳಿದದ್ದು ಯಾಕೆ ಸಿಗಲಿಲ್ಲ? ದೊಡ್ಡ ದಿನಪತ್ರಿಕೆಗಳು ಈ ಪಂದ್ಯಗಳ ಸ್ಕೋರನ್ನು ಸರಿಯಾಗಿ ಅಚ್ಚು ಹಾಕುತ್ತಿರಲಿಲ್ಲ. ಹಾಕುತ್ತಿದ್ದ ಪಿಟ್ಸ್‌ಬರ್ಗ್ ಕೊರಿಯರ್‌ನಂಥ ಕಪ್ಪು ಜನರ ಪತ್ರಿಕೆಗಳು ವಾರಪತ್ರಿಕೆಗಳು. ಒಂದು ವಾರದ ಪಂದ್ಯಗಳೆಲ್ಲ ಒಂದೆರಡು ಪುಟದಲ್ಲಿ ಹಿಡಿಸಬೇಕಿತ್ತು. ಹೊಟ್ಟೆಪಾಡಿಗೆ ಬಸ್ಸಿನಲ್ಲಿ ಊರೂರು ಸುತ್ತಿ ಆಡಿದ ಪಂದ್ಯಗಳು ಲೀಗಿನ ಲೆಕ್ಕಕ್ಕೆ ಬರುವುದೇ ಇಲ್ಲ. 1935ರಲ್ಲಿ ಮ್ಯಾಟ್ಲಾಕ್ ಒಂದೂ ಸೋಲದೆ 18 ಪಂದ್ಯ ಗೆದ್ದರು ಎಂದು ಹಳಬರು ಬರೆದಿದ್ದಾರೆ. ಲೀಗ್ ಪಂದ್ಯಗಳನ್ನಷ್ಟೇ ಹಿಡಿದರೆ ಸಂಖ್ಯೆ ಬೇರೆಯಾಗುತ್ತದೆ. ಇಂಥ ವ್ಯತ್ಯಾಸ ನೋಡಿ ಕೆಲವರು, 'ಇಷ್ಟು ಕಮ್ಮಿ ಪಂದ್ಯ ಆಡಿದವರನ್ನು ಕಾಬ್ ಮೇಲೆ ಹೇಗೆ ಕೂರಿಸಿದ್ದು?' ಎಂದು ಕೇಳುತ್ತಾರೆ. ಕೋವಿಡ್ ವರ್ಷ 2020ರಲ್ಲಿ ಒಂದೊಂದು ತಂಡ 60 ಪಂದ್ಯ ಆಡುವ ಸೀಸನ್ ನಡೆಸಿ, ಅದನ್ನು ಪೂರ್ತಿ ಸೀಸನ್ ಎಂದೇ ನೀವು ಲೆಕ್ಕ ಹಿಡಿದಿರಿ. ಅದು ಸರಿಯಾದರೆ ಇದೂ ಸರಿ.

ಆದ್ದರಿಂದ ನಿಮ್ಮ ಅಧಿಕೃತ ಪುಟಗಳಲ್ಲಿ ಈ ಆಟಗಾರರ ಅಂಕಿಗಳ ಪಕ್ಕದಲ್ಲೇ ಎರಡು ಮಾತು ಬರೆಯಿಸಿ: ಇದು ಸಿಕ್ಕಷ್ಟು ಲೆಕ್ಕ, ಇನ್ನೂ ಹುಡುಕುತ್ತಿದ್ದೇವೆ. ಒಂದು ಹುಡುಗ ಗಿಬ್ಸನ್ ಹೆಸರಿನ ಮುಂದೆ ಸಣ್ಣ ಸಂಖ್ಯೆ ನೋಡಿದರೆ, ಅವರು ಕಮ್ಮಿ ಹೊಡೆದರು ಎಂದುಕೊಳ್ಳಬಾರದು, ಬರೆದಿಟ್ಟವರು ಕಮ್ಮಿ ಎಂದು ತಿಳಿಯಬೇಕು. ಆ ಹುಡುಕಾಟಕ್ಕೆ ಖಾಯಂ ದುಡ್ಡು ಎತ್ತಿಡಿ. ಇಷ್ಟು ವರ್ಷ ಮೈಕ್ರೊಫಿಲ್ಮ್ ತಿರುವಿ ತಿರುವಿ ಸ್ಕೋರು ಹುಡುಕಿದವರಲ್ಲಿ ಬಹಳ ಜನ ಸುಮ್ನೆ ಪ್ರೀತಿಯಿಂದ ಮಾಡಿದವರು. ಅವರಿಗೆ ವಯಸ್ಸಾಗುತ್ತಿದೆ.

ಇನ್ನೊಂದು ಸಣ್ಣ ಮಾತು. ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಫಲಕದ ಮೇಲೆ ಮೊದಲು ಕಮಿಷನರ್ ಲ್ಯಾಂಡಿಸ್ ಅವರ ಹೆಸರಿತ್ತು. 1920ರಿಂದ 1944ರವರೆಗೆ ಅವರ ಕೈಕೆಳಗೆ ಒಬ್ಬ ಕಪ್ಪು ಆಟಗಾರನೂ ಮೇಜರ್ ಲೀಗಿಗೆ ಬರಲಿಲ್ಲ. 2020ರಲ್ಲಿ ಬೇಸ್‌ಬಾಲ್ ಬರಹಗಾರರ ಸಂಘ ಆ ಹೆಸರು ತೆಗೆಯಿತು. ಅಲ್ಲಿ ಗಿಬ್ಸನ್ ಹೆಸರು ಹಾಕಿ ಎಂದು ಅವರ ಕುಟುಂಬ ಕೇಳುತ್ತಿದೆ. ಅದು ಸಂಘದ ತೀರ್ಮಾನ, ನನಗೆ ಗೊತ್ತು. ಆದರೆ ಲ್ಯಾಂಡಿಸ್ ಕೂತ ಕುರ್ಚಿಯಲ್ಲೇ ಈಗ ನೀವು ಕೂತಿದ್ದೀರಿ. ಆ ಕುರ್ಚಿಯಿಂದ ಒಂದು ಮಾತು ಬಂದರೆ ಅದಕ್ಕೆ ತೂಕ ಇರುತ್ತದೆ.

ಕಳೆದ ವಾರ ಮಗ ತನ್ನ ನೋಟ್‌ಬುಕ್ಕಿನಲ್ಲಿ ಬೆಡ್‌ಫರ್ಡ್ ಅವೆನ್ಯೂದ ನಕ್ಷೆ ಬರೆದು, ಹಳೆಯ ಫೋಟೊ ನೋಡಿಕೊಂಡು ಪ್ಲೇಟ್ ಎಲ್ಲಿತ್ತು ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದಾನೆ. ಸರಿಯೋ ತಪ್ಪೋ ತಿಳಿದವರು ಹೇಳಬೇಕು. ಅದರ ಪ್ರತಿಯನ್ನು ನಿಮಗೆ ಕಳಿಸಿದ ಪತ್ರದ ಜೊತೆ ಇಟ್ಟಿದ್ದೇನೆ. ನಿಮ್ಮ ಕಚೇರಿಯಿಂದ ಯಾರೇ ಬಂದರೂ, ಯಾವ ದಿನವಾದರೂ, ನಾವಿಬ್ಬರೂ ಅಳತೆ ಟೇಪು ಹಿಡಿದು ಅಲ್ಲಿಗೆ ಬರುತ್ತೇವೆ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,

ಇಂತಿ ತಮ್ಮ ವಿಶ್ವಾಸಿ,
ಧಾರವಾಡದ ಒಬ್ಬ ಕನ್ನಡಿಗ
ಪಿಟ್ಸ್‌ಬರ್ಗ್, ಪೆನ್ಸಿಲ್ವೇನಿಯಾ